ಹುಳುವಿನ ವಯಸ್ಸು, ಕಣಜದ ಸಮಯ: ಹೊಸದುರ್ಗದ ತೆಂಗಿನ ತೋಟವೊಂದರ ಪ್ರಕರಣ

ಫೆಬ್ರುವರಿ ಬಿಸಿಲಿನಲ್ಲಿ ಹೊಸದುರ್ಗ ತಾಲ್ಲೂಕಿನ ರಸ್ತೆಗಳಲ್ಲಿ ಓಡಾಡುವವರಿಗೆ ಕೆಲವು ತೋಟಗಳು ಕಣ್ಣಿಗೆ ಹೊಡೆಯುತ್ತವೆ. ಅಕ್ಕಪಕ್ಕದ ಮರಗಳೆಲ್ಲ ಹಸಿರಾಗಿರುವಾಗ ಒಂದು ತೋಟ ಮಾತ್ರ ಬೆಂಕಿ ತಗುಲಿದಂತೆ ನಿಂತಿರುತ್ತದೆ. ಸುಳಿಯ ಸುತ್ತ ಮೂರು ನಾಲ್ಕು ಗರಿ ಹಸಿರು, ಅದರ ಕೆಳಗೆಲ್ಲ ಬೂದು ಮಿಶ್ರಿತ ಕಂದು. ಅದು ಕಪ್ಪು ತಲೆ ಹುಳುವಿನ ಕೆಲಸ. ವೈಜ್ಞಾನಿಕವಾಗಿ ಓಪಿಸೈನಾ ಅರೆನೊಸೆಲ್ಲಾ.

ಇಲ್ಲಿ ಬರೆದಿರುವುದು ಅಂಥದ್ದೊಂದು ತೋಟದ ಪ್ರಕರಣ. ಇದು ಯಾವುದೋ ಒಬ್ಬ ರೈತರ ಸರ್ವೆ ನಂಬರಿನ ದಾಖಲೆಯಲ್ಲ. ಚಿತ್ರದುರ್ಗ ಜಿಲ್ಲೆಯ ತೆಂಗಿನ ಸೀಮೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ತೋಟದಲ್ಲಿ ಇಟ್ಟು, ಲೆಕ್ಕ ಹಾಕಲು ಅನುಕೂಲವಾಗುವಂತೆ ದಿನಾಂಕ ಮತ್ತು ಸಂಖ್ಯೆ ಕೊಟ್ಟು ಬರೆದದ್ದು. ಹುಳುವಿನ ಜೀವನಕ್ರಮ, ಔಷಧಿಯ ಪ್ರಮಾಣ, ಹುಳುವನ್ನು ಕೊಲ್ಲಲು ತೋಟಕ್ಕೆ ಬಿಡುವ ಕಣಜಗಳ ಲೆಕ್ಕ ಇವು ಎಲ್ಲ ತೋಟಕ್ಕೂ ಅನ್ವಯಿಸುವಂಥವು.

ತೋಟ, ಮತ್ತು ಅದರ ಹಿಂದಿನ ಆರು ತಿಂಗಳು

ನಾಲ್ಕು ಎಕರೆ. 30 ಅಡಿ ಅಂತರದಲ್ಲಿ 190 ಮರ, ವಯಸ್ಸು ಸುಮಾರು 25 ವರ್ಷ. ಒಂದು ಕೊಳವೆಬಾವಿ, ಹನಿ ನೀರಾವರಿ. ಪೂರ್ವಕ್ಕೆ ಇನ್ನೊಬ್ಬರ ತೆಂಗಿನ ತೋಟ, ಪಶ್ಚಿಮಕ್ಕೆ ರಾಗಿ ಹೊಲ. ನೆಲ ಹಸನಾಗಿರಲೆಂದು ವರ್ಷಕ್ಕೆ ಮೂರು ಸಲ ಉಳುಮೆ. ಮರದ ನಡುವೆ ಒಂದು ಹುಲ್ಲುಕಡ್ಡಿಯೂ ಇಲ್ಲ. ನೋಡಲು ಅಂದವಾದ ತೋಟ. ಆ ಅಂದವೇ ತೊಂದರೆಯ ಒಂದು ಭಾಗವಾಗಿತ್ತು.

ಹಿಂದಿನ ಅಕ್ಟೋಬರ್‌ನಲ್ಲಿ ಗರಿಗಳ ಮೇಲೆ ಕಪ್ಪು ಮಸಿ ಕಾಣಿಸಿತ್ತು. ಅದು ಸುರುಳಿಯಾಕಾರದ ಬಿಳಿ ನೊಣ ಸುರಿಸುವ ಅಂಟಿನ ಮೇಲೆ ಬೆಳೆಯುವ ಬೂಷ್ಟು. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಂಡ ಈ ನೊಣ ಆಮೇಲೆ ನಮ್ಮ ತೆಂಗಿನ ಸೀಮೆಗೂ ಹಬ್ಬಿತು. ತೋಟದವರು ಟ್ರ್ಯಾಕ್ಟರ್ ಪಂಪು ತರಿಸಿ ಗರಿಗಳಿಗೆ ಎರಡು ಸಲ ಘಾಟು ಔಷಧಿ ಹೊಡೆಸಿದರು. ನೊಣ ಸ್ವಲ್ಪ ತಗ್ಗಿ ಮತ್ತೆ ಬಂತು. ಆದರೆ ಆ ಎರಡು ಸಿಂಪಡಣೆಯಲ್ಲಿ ತೋಟದ ಗರಿಗಳ ಮೇಲೆ ಓಡಾಡುತ್ತಿದ್ದ ಸಣ್ಣ ಕಣಜಗಳು, ಜೇಡಗಳು, ಜೀರುಂಡೆಗಳು ಹೋದವು. ಬಿಳಿ ನೊಣವನ್ನು ತಿನ್ನುವ ಎನ್‌ಕಾರ್ಸಿಯಾ ಗ್ವಾಡೆಲೂಪೆ ಎಂಬ ಕಣಜ ನೊಣದ ಹಿಂದೆಯೇ ತಾನಾಗಿ ಬಂದು ಸೇರುವಂಥದ್ದು. ಘಾಟು ಔಷಧಿ ಹೊಡೆಯದೆ, ನೀರಿನ ರಭಸದಿಂದ ಗರಿ ತೊಳೆದಿದ್ದರೆ ಅಥವಾ ಬೇವಿನೆಣ್ಣೆ ಬಳಸಿದ್ದರೆ ಅದು ಉಳಿಯುತ್ತಿತ್ತು. ಅದರ ಜೊತೆಗೆ ಕಪ್ಪು ತಲೆ ಹುಳುವಿನ ಶತ್ರುಗಳೂ ಉಳಿಯುತ್ತಿದ್ದವು.

ಸಿಂಪಡಣೆ ಕಪ್ಪು ತಲೆ ಹುಳುವನ್ನು ಯಾಕೆ ಮುಟ್ಟಲಿಲ್ಲ ಎಂಬುದನ್ನು ಗಮನಿಸಬೇಕು. ಹುಳು ಎಲೆಯ ಅಡಿಭಾಗದಲ್ಲಿ, ನೂಲು ಮತ್ತು ತನ್ನದೇ ಹಿಕ್ಕೆ ಸೇರಿಸಿ ಕಟ್ಟಿದ ಸುರಂಗದೊಳಗೆ ಇರುತ್ತದೆ. 40 ಅಡಿ ಮೇಲಿನ ಗರಿಯ ಅಡಿಗೆ, ಅದೂ ಸುರಂಗದ ಒಳಕ್ಕೆ, ನೆಲದಿಂದ ಹೊಡೆದ ಔಷಧಿ ತಲುಪುವುದಿಲ್ಲ. ಕಣಜ ಮಾತ್ರ ಬಯಲಿನಲ್ಲಿ ಓಡಾಡುತ್ತದೆ. ಹಾಗಾಗಿ ವಿಷ ಮೊದಲು ತಲುಪುವುದು ಅದಕ್ಕೇ.

ಬರವೋ, ಹುಳುವೋ

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಕೆಳಗಿನ ಗರಿಗಳ ತುದಿ ಒಣಗತೊಡಗಿತು. ನೀರು ಕಡಿಮೆಯಾಯಿತೆಂದು ಹನಿ ನೀರನ್ನು ದಿನಕ್ಕೆ ಒಂದು ಗಂಟೆ ಹೆಚ್ಚಿಸಿದರು. ಮೂರು ವಾರವಾದರೂ ಒಣಗುವುದು ನಿಲ್ಲಲಿಲ್ಲ. ಕಾಯಿ ಕೀಳಲು ಬಂದ ಮರ ಹತ್ತುವವರು ಇಳಿದ ಮೇಲೆ ಹೇಳಿದ ಮಾತೇ ಸರಿಯಾದ ಗುರುತು: "ನೀರಿನ್ ಬರ ಅಲ್ಲಣ್ಣ ಇದು. ಗರಿ ಮಗುಚಿ ನೋಡು, ಕೆಳಗೆ ಬರೇ ಹುಳ ಐತೆ."

ಗರಿ ಮಗುಚುವುದೇ ಪರೀಕ್ಷೆ. ನೀರಿನ ಕೊರತೆಯಲ್ಲಿ ಎಲೆ ತುದಿಯಿಂದ ಒಳಕ್ಕೆ ಸಮನಾಗಿ ಒಣಗುತ್ತದೆ, ಗರಿ ಜೋತು ಬೀಳುತ್ತದೆ, ಅಡಿಭಾಗ ಶುಭ್ರವಾಗಿರುತ್ತದೆ. ಎಲೆ ಅಂಗಮಾರಿಯಲ್ಲಿಯೂ ಕೆಳಗಿನ ಗರಿಯೇ ತುದಿಯಿಂದ ಒಣಗುತ್ತದೆ, ಆದರೆ ಸುರಂಗವಾಗಲಿ ಹಿಕ್ಕೆಯಾಗಲಿ ಇರುವುದಿಲ್ಲ. ಬಿಳಿ ನೊಣವಾದರೆ ಅಡಿಯಲ್ಲಿ ಬಿಳಿ ಮೇಣದ ಸುರುಳಿ, ಕೆಳಗಿನ ಗರಿಗಳ ಮೇಲ್ಮೈಯಲ್ಲಿ ಕಪ್ಪು ಮಸಿ. ಕಪ್ಪು ತಲೆ ಹುಳುವಿನಲ್ಲಿ ಎಲೆಯ ಹಸಿರನ್ನು ಅಡಿಯಿಂದ ಕೆರೆದು, ಮೇಲಿನ ತೆಳು ಪೊರೆಯನ್ನು ಮಾತ್ರ ಬಿಟ್ಟಿರುತ್ತದೆ. ಎಲೆಯನ್ನು ಬಿಸಿಲಿಗೆ ಹಿಡಿದರೆ ಕಾಗದದಂತೆ ಬೆಳಕು ದಾಟುವ ಮಚ್ಚೆ ಕಾಣುತ್ತದೆ. ಕಡ್ಡಿಯ ಪಕ್ಕದಲ್ಲಿ ಹಿಕ್ಕೆಯ ಉದ್ದನೆಯ ಸುರಂಗ. ಅದನ್ನು ಉಗುರಿನಿಂದ ಸೀಳಿದರೆ ತಿಳಿಹಸಿರು ಮೈ, ಉದ್ದಕ್ಕೂ ಕಂದು ಗೆರೆ, ಕಪ್ಪು ತಲೆಯ ಹುಳು ಚುರುಕಾಗಿ ಹಿಂದಕ್ಕೆ ಸರಿಯುತ್ತದೆ.

ತಪ್ಪು ಗುರುತಿಗೆ ಈ ತೋಟ ತೆತ್ತದ್ದು ನೀರು ಮತ್ತು ಮೂರು ವಾರ. ಹುಳುವಿನ ಲೆಕ್ಕದಲ್ಲಿ ಮೂರು ವಾರವೆಂದರೆ ಒಂದು ತಲೆಮಾರಿನ ಮೂರನೇ ಒಂದು ಭಾಗ.

ಗರಿಯ ಅಡಿಯ ಸಂಸಾರ

ಹೆಣ್ಣು ಪತಂಗ ಬೂದು ಬಣ್ಣದ್ದು. ಹಗಲು ಗರಿಗಳ ಸಂದಿಯಲ್ಲಿ ಅಡಗಿ, ರಾತ್ರಿ ಹಾರುತ್ತದೆ. ಬದುಕುವುದು ಒಂದು ವಾರದೊಳಗೆ. ಅಷ್ಟರಲ್ಲಿ ಸುಮಾರು 130 ಮೊಟ್ಟೆ ಇಡುತ್ತದೆ, ಹೆಚ್ಚಾಗಿ ಬಲಿತ ಗರಿಯ ಅಡಿಯಲ್ಲಿ, ಹಳೆಯ ಸುರಂಗಗಳ ಹತ್ತಿರ. ಎಳೆಯ ಗರಿಗೆ ಹೋಗದಿರುವುದರಿಂದಲೇ ಸುಳಿ ಹಸಿರಾಗಿ ಉಳಿಯುತ್ತದೆ. ಮೊಟ್ಟೆ ಒಡೆಯಲು ಸುಮಾರು 5 ದಿನ. ಹುಳುವಾಗಿ 40 ದಿನ. ಸುರಂಗದೊಳಗೇ ಗೂಡು ಕಟ್ಟಿ ಕೋಶವಾಗಿ 12 ದಿನ. ಪತಂಗದ ದಿನಗಳನ್ನೂ ಸೇರಿಸಿದರೆ ಒಂದು ತಲೆಮಾರಿಗೆ ಎರಡು ತಿಂಗಳು.

ಈ ಹುಳುವಿನ ವಿಶೇಷ ಅದರ ಹಸಿವಿನಲ್ಲಿಲ್ಲ, ಅದರ ಸಾಲಿನಲ್ಲಿದೆ. ಮೊಟ್ಟೆ, ಸಣ್ಣ ಹುಳು, ದೊಡ್ಡ ಹುಳು, ಕೋಶ ಎಲ್ಲವೂ ಯಾವಾಗಲೂ ಜೊತೆಯಲ್ಲಿರುವ ಕೀಟಗಳು ಉಷ್ಣವಲಯದಲ್ಲಿ ಹೆಚ್ಚು. ಕಪ್ಪು ತಲೆ ಹುಳು ಹಾಗಲ್ಲ. ಒಂದು ತೋಟದಲ್ಲಿ ಒಂದು ಕಾಲಕ್ಕೆ ಬಹುಪಾಲು ಒಂದೇ ವಯಸ್ಸಿನವು. ಎಲ್ಲ ಕೋಶ, ಆಮೇಲೆ ಎಲ್ಲ ಪತಂಗ, ಆಮೇಲೆ ಎಲ್ಲ ಮರಿಹುಳು, ಅಲೆಯಂತೆ. ಶ್ರೀಲಂಕಾದ ತೆಂಗಿನ ತೋಟಗಳಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನ ಈ ಅಲೆಗಳನ್ನು ಚೆನ್ನಾಗಿ ದಾಖಲಿಸಿದೆ. ಪರತಂತ್ರ ಕಣಜಗಳೇ, ಅಂದರೆ ಹುಳುವಿನ ಮೇಲೆ ಮೊಟ್ಟೆಯಿಟ್ಟು ಮರಿಗಳಿಗೆ ಅದನ್ನೇ ಊಟ ಮಾಡುವ ಕಣಜಗಳೇ, ಈ ಸಾಲನ್ನು ಬಿಗಿ ಮಾಡುತ್ತವೆ ಎಂಬುದು ಅದಕ್ಕೆ ಕೊಟ್ಟ ವಿವರಣೆ. ಕಣಜದ ಜೀವನಚಕ್ರ ಹುಳುವಿನದಕ್ಕಿಂತ ಚಿಕ್ಕದು. ಒಂದು ಅಲೆಯ ದೊಡ್ಡ ಹುಳುಗಳ ಮೇಲೆ ಹುಟ್ಟಿದ ಕಣಜಗಳು ಹೊರಬರುವ ಹೊತ್ತಿಗೆ, ಸಾಲಿಗಿಂತ ಹಿಂದುಳಿದ ಹುಳುಗಳು ಅವುಗಳ ಬಾಯಿಗೆ ಬೀಳುತ್ತವೆ. ಸಾಲಿನಲ್ಲಿ ಇದ್ದವು ಅಷ್ಟರಲ್ಲಿ ಕೋಶವಾಗಿ ತಪ್ಪಿಸಿಕೊಂಡಿರುತ್ತವೆ. ಹೀಗೆ ಬೇಟೆಗಾರರೇ ಬೇಟೆಯನ್ನು ಸಾಲಿನಲ್ಲಿ ನಿಲ್ಲಿಸುತ್ತಾರೆ. ಕೀಟ ಲೋಕದ ಅಚ್ಚುಕಟ್ಟಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ತೋಟಗಳಲ್ಲಿ ಸಿಗುವುದು ಕಷ್ಟ. ಈ ಪ್ರಕರಣದ ತಪ್ಪು, ಸರಿ ಎರಡೂ ಇಲ್ಲೇ ಇವೆ.

ಹುಳುವನ್ನೇ ನೆಚ್ಚಿಕೊಂಡ ಜೀವಿಗಳು

ಹುಳುವಿನ ಪ್ರತಿ ವಯಸ್ಸಿಗೂ ಬೇರೆ ಬೇರೆ ಶತ್ರುಗಳಿವೆ. ಮರಿಹುಳುವಿಗೆ ಅಪ್ಯಾಂಟೆಲಿಸ್ ತರಗಾಮೆ. ಹುಳುವಿನ ಒಳಗೇ ಬೆಳೆದು ಹೊರಬಂದು ಅಕ್ಕಿ ಕಾಳಿಗಿಂತ ಚಿಕ್ಕ ಬಿಳಿ ರೇಷ್ಮೆ ಗೂಡು ಕಟ್ಟುತ್ತದೆ. ದೊಡ್ಡ ಹುಳುವಿಗೆ ಗೋನಿಯೋಜಸ್ ನೆಫಾಂಟಿಡಿಸ್ ಮತ್ತು ಬ್ರಾಕಾನ್ ಬ್ರೆವಿಕಾರ್ನಿಸ್. ಕೋಶವಾಗುವ ಮೊದಲಿನ ಹಂತಕ್ಕೆ ಇಲಾಸ್ಮಸ್ ನೆಫಾಂಟಿಡಿಸ್. ಕೋಶಕ್ಕೆ ಬ್ರಾಕಿಮೇರಿಯಾ ನೊಸಟಾಯ್, ದಪ್ಪ ಹಿಂಗಾಲಿನ ಗಟ್ಟಿ ಕಪ್ಪು ಕಣಜ. ಇವುಗಳ ಜೊತೆ ಸುರಂಗಕ್ಕೆ ನುಗ್ಗಿ ಹುಳು ತಿನ್ನುವ ಪರೀನಾ ಎಂಬ ಜೀರುಂಡೆ, ಮೊಟ್ಟೆ ಹೀರುವ ಕಾರ್ಡಿಯಾಸ್ಟೆಥಸ್ ಎಂಬ ಸಣ್ಣ ತಿಗಣೆ, ಹಲವು ಜಾತಿಯ ಜೇಡಗಳು.

ಇವುಗಳಲ್ಲಿ ಗೋನಿಯೋಜಸ್ ಬಗ್ಗೆ ಹೆಚ್ಚು ಹೇಳಬೇಕು. ಯಾಕೆಂದರೆ ಪ್ರಯೋಗಾಲಯದಿಂದ ರೈತರ ಕೈಗೆ ಹೆಚ್ಚಾಗಿ ಬರುವುದು ಅದೇ. ನೋಡಲು ಸಣ್ಣ ಕಪ್ಪು ಇರುವೆಯಂತೆ, 3–4 ಮಿ.ಮೀ. ಉದ್ದ. ಹೆಣ್ಣು ಕಣಜ ಹಿಕ್ಕೆಯ ವಾಸನೆ ಹಿಡಿದು ಸುರಂಗ ಹೊಕ್ಕು, ತನಗಿಂತ ಎಷ್ಟೋ ಪಾಲು ದೊಡ್ಡದಾದ ಹುಳುವನ್ನು ಕುಟುಕಿ ಮರಗಟ್ಟಿಸುತ್ತದೆ. ಹುಳು ಸಾಯುವುದಿಲ್ಲ, ಅಲುಗಾಡದೆ ಬಿದ್ದಿರುತ್ತದೆ. ಆಮೇಲೆ ಅದರ ಮೈ ಮೇಲೆ ಸಾಲಾಗಿ ಮೊಟ್ಟೆ ಇಡುತ್ತದೆ. ಬೇರೆ ಹೆಚ್ಚಿನ ಕಣಜಗಳು ಮೊಟ್ಟೆ ಇಟ್ಟು ಹಾರಿಹೋಗುತ್ತವೆ. ಗೋನಿಯೋಜಸ್ ತಾಯಿ ಅಲ್ಲೇ ಉಳಿದು, ಮರಿಗಳು ಗೂಡು ಕಟ್ಟುವವರೆಗೆ ಕಾವಲು ಕಾಯುತ್ತದೆ. ಬೇರೆ ಕಣಜ ಬಂದರೆ ಓಡಿಸುತ್ತದೆ. ಮರಿಗಳು ನಾಲ್ಕೈದು ದಿನದಲ್ಲಿ ಹುಳುವನ್ನು ಹೊರಗಿನಿಂದಲೇ ಹೀರಿ ಮುಗಿಸಿ, ಬರಿ ಚರ್ಮದ ಪಕ್ಕ ಗುಂಪಾಗಿ ಕಂದು ಗೂಡು ಕಟ್ಟುತ್ತವೆ. ಮೊಟ್ಟೆಯಿಂದ ಕಣಜದವರೆಗೆ ಎರಡು ವಾರದೊಳಗೆ.

ಬ್ರಾಕಾನ್ ಹಳದಿ ಮಿಶ್ರಿತ ಕಂದು, ಇನ್ನೂ ಚಿಕ್ಕದು. ತನಗೆ ಬೇಕಾದುದಕ್ಕಿಂತ ಹೆಚ್ಚು ಹುಳುಗಳನ್ನು ಕುಟುಕಿ ಮರಗಟ್ಟಿಸಿಬಿಡುವುದು ಅದರ ಸ್ವಭಾವ. ನಮಗೆ ಅದು ಲಾಭವೇ.

ಎರಡೂ ಕಣಜಕ್ಕೆ ಬೇಕಾದದ್ದು ಮೂರನೇ ಹಂತ ದಾಟಿದ, ಅಂದರೆ ಪೊರೆ ಕಳಚುತ್ತ ದೊಡ್ಡದಾದ ಹುಳು. ಮೊಟ್ಟೆಯಿದ್ದರೆ ಬೇಡ, ಮರಿಹುಳುವಿದ್ದರೆ ಬೇಡ, ಕೋಶವಿದ್ದರೆ ಬೇಡ.

ಮೊದಲ ಬಿಡುಗಡೆ ವ್ಯರ್ಥವಾದದ್ದು ಹೇಗೆ

ಹುಳು ಎಂದು ಗೊತ್ತಾದ ತಕ್ಷಣ, ಫೆಬ್ರುವರಿ 22ರಂದು, ತೋಟದವರು ಗೋನಿಯೋಜಸ್ ತಂದು ಬಿಟ್ಟರು. ಮರಕ್ಕೆ 20ರಂತೆ 3,800 ಕಣಜ. ಪ್ರಮಾಣ ಸರಿ, ಕಣಜವೂ ಆರೋಗ್ಯವಾಗಿತ್ತು. ಎರಡು ವಾರದ ನಂತರ ನೋಡಿದರೆ ಗೂಡುಗಳಿಲ್ಲ, ಮರಗಟ್ಟಿದ ಹುಳುಗಳಿಲ್ಲ. "ಈ ಹುಳ ಬಿಡೋದೆಲ್ಲ ಸುಮ್ನೆ" ಎಂಬ ಮಾತು ಹುಟ್ಟುವುದು ಇಲ್ಲಿಯೇ.

ಬಿಡುಗಡೆಯ ದಿನ ಗರಿಯ ಅಡಿಯಲ್ಲಿ ಇದ್ದದ್ದು ಬಹುಪಾಲು ಕೋಶಗಳು, ಒಡೆದ ಕೋಶದ ಸಿಪ್ಪೆಗಳು ಮತ್ತು ಪತಂಗಗಳು. ಮುಂದಿನ ಹತ್ತು ದಿನ ಮೊಟ್ಟೆಯ ಕಾಲ. ಅಲ್ಲಿಂದ ಎರಡು ವಾರ ಅಕ್ಕಿ ಕಾಳಿಗಿಂತ ಚಿಕ್ಕ ಹುಳುಗಳ ಕಾಲ. ಅಂದರೆ ಗೋನಿಯೋಜಸ್‌ಗೆ ಬೇಕಾದ ಹುಳು ಮಾರ್ಚ್ ಮೂರನೇ ವಾರದವರೆಗೆ ತೋಟದಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಸುಡುವ ಬಿಸಿಲು, ಉತ್ತ ಬೋಳು ನೆಲ, ಒಂದು ಹೂವಿನ ಮಕರಂದವೂ ಸಿಗದ ತೋಟದಲ್ಲಿ ಕಣಜ ಒಂದು ತಿಂಗಳು ಕಾದು ಕೂರುವುದಿಲ್ಲ.

ಹದಿನೈದು ದಿನಕ್ಕೊಮ್ಮೆ ನಾಲ್ಕು ಸಲ ಬಿಡಿ ಎಂಬ ಸಲಹೆ ಎಲ್ಲರಿಗೂ ಗೊತ್ತು. ಹುಳುಗಳ ವಯಸ್ಸು ಕಲಸಿರುವ ತೋಟದಲ್ಲಿ ಅದು ಸರಿ. ಅಲೆಯಾಗಿ ಏಳುವ ತೋಟದಲ್ಲಿ ಹಾಗೆ ಕ್ಯಾಲೆಂಡರ್ ನೋಡಿ ಬಿಟ್ಟರೆ ನಾಲ್ಕರಲ್ಲಿ ಎರಡು ಬಿಡುಗಡೆ ಖಾಲಿ ಸುರಂಗಕ್ಕೆ ಹೋಗುತ್ತವೆ. ಬಿಡುವ ಮೊದಲು ಎಣಿಸಲೇಬೇಕು.

ಎಣಿಸುವ ಕ್ರಮ

ತೋಟದ ಮೂಲೆಗಳಿಂದ, ನಡುವಿನಿಂದ ಸೇರಿಸಿ 10 ಮರ ಆರಿಸಿ. ಪ್ರತಿ ಮರದ ಕೆಳಗಿನ ಸುತ್ತಿನ ಹಸಿರು ಉಳಿದಿರುವ ಒಂದು ಗರಿಯಿಂದ 10 ಎಲೆ ಕತ್ತರಿಸಿ. ಪೂರ್ತಿ ಒಣಗಿದ ಗರಿಯ ಎಲೆ ತರಬಾರದು. ಅಲ್ಲಿ ಹಳೆಯ ಸುರಂಗವಿರುತ್ತದೆ, ಜೀವಂತ ಹುಳು ಇರುವುದಿಲ್ಲ. ಎಣಿಕೆ ದಾರಿ ತಪ್ಪುತ್ತದೆ. ದೋಟಿ ಎಟುಕದ ಮರದಲ್ಲಿ ಕಾಯಿ ಕೀಳುವ ದಿನವೇ ಈ ಕೆಲಸ ಮಾಡಿಸಿಕೊಂಡರೆ ಮರ ಹತ್ತಿಸುವ ಖರ್ಚು ಉಳಿಯುತ್ತದೆ.

ಆ 100 ಎಲೆಗಳ ಸುರಂಗಗಳನ್ನು ಸೀಳಿ, ಐದು ಗುಂಪು ಮಾಡಿ ಬರೆದುಕೊಳ್ಳಿ: ಅಕ್ಕಿ ಕಾಳಿಗಿಂತ ಚಿಕ್ಕ ಹುಳು, ಅದಕ್ಕಿಂತ ಉದ್ದದ ಹುಳು, ಜೀವಂತ ಕೋಶ, ಖಾಲಿ ಕೋಶ, ಕಣಜದ ಗೂಡು ಅಥವಾ ಮರಗಟ್ಟಿದ ಹುಳು. ಖಾಲಿ ಕೋಶವನ್ನು ಭೂತಗನ್ನಡಿಯಲ್ಲಿ ನೋಡಬೇಕು. ತಲೆಯ ಕಡೆ ಸೀಳಿಕೊಂಡಿದ್ದರೆ ಪತಂಗ ಹೊರಬಂದಿದೆ. ದುಂಡನೆಯ ತೂತು ಇದ್ದರೆ ಬ್ರಾಕಿಮೇರಿಯಾ ಹೊರಬಂದಿದೆ. ದುಂಡು ತೂತಿನ ಕೋಶಗಳು ಹೆಚ್ಚಿದ್ದರೆ ತೋಟ ತಾನೇ ಚೇತರಿಸಿಕೊಳ್ಳುತ್ತಿದೆ ಎಂದು ತಿಳಿಯಬಹುದು.

ಉದ್ದದ ಹುಳುಗಳು ಚಿಕ್ಕವಕ್ಕಿಂತ ಹೆಚ್ಚಾದ ವಾರವೇ ಗೋನಿಯೋಜಸ್ ಬಿಡುವ ವಾರ. ಎಣಿಕೆಯಲ್ಲಿ ಕೋಶ ಮತ್ತು ಪತಂಗವೇ ಹೆಚ್ಚಿದ್ದರೆ ಅಲ್ಲಿಂದ 22–25 ದಿನ ಎಣಿಸಿಕೊಳ್ಳಿ. ಪ್ರಯೋಗಾಲಯಕ್ಕೆ ಬೇಡಿಕೆ ಕೊಡಬೇಕಾದದ್ದೂ ಆಗಲೇ. ಗೋನಿಯೋಜಸ್ ಸಾಕುವುದು ಅಕ್ಕಿ ಪತಂಗದ ಬಲಿತ ಹುಳುಗಳ ಮೇಲೆ. ಆ ಹುಳು ಬೆಳೆಯಬೇಕು, ಆಮೇಲೆ ಕಣಜದ ಒಂದು ತಲೆಮಾರು ಆಗಬೇಕು. ನಾಳೆ ಬೇಕೆಂದರೆ ನಾಲ್ಕು ಸಾವಿರ ಕಣಜ ಸಿಗುವುದಿಲ್ಲ. ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ಹೆಸರು ಬರೆಸಬಹುದು. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲೂ ಮಾರ್ಗದರ್ಶನ ಕೇಳಬಹುದು.

ಕಣಜಕ್ಕೆ ಕೆಲಸವಿಲ್ಲದ ದಿನಗಳಲ್ಲಿ ಬೇರಿಗೆ ಬೇವು

ಪೂರ್ವದ ಗಡಿಯ ಎರಡು ಸಾಲು, ಸುಮಾರು 30 ಮರ, ವಿಪರೀತ ಕೆಟ್ಟಿದ್ದವು. ಇನ್ನೊಂದು ಅಲೆ ಪೂರ್ತಿ ತಿನ್ನಲು ಬಿಟ್ಟರೆ ಆ ಮರಗಳಲ್ಲಿ ಹಸಿರೇ ಉಳಿಯುತ್ತಿರಲಿಲ್ಲ. ಮಾರ್ಚ್ ಮೊದಲ ವಾರ, ಮರಿಹುಳು ಹೊರಬರುವ ಹೊತ್ತಿಗೆ, ಈ ಮರಗಳಿಗೆ ಮಾತ್ರ ಬೇರಿನ ಮೂಲಕ ಬೇವಿನ ಸಾರ ಕೊಡಲಾಯಿತು. ಬೇವಿನ ಅಜಾಡಿರಾಕ್ಟಿನ್ ಹುಳುವಿನ ತಿನ್ನುವಿಕೆಯನ್ನೂ ಪೊರೆ ಕಳಚುವುದನ್ನೂ ಕೆಡಿಸುತ್ತದೆ. ಎಳೆಯ ಹುಳುವಿನ ಮೇಲೆ ಪರಿಣಾಮ ಹೆಚ್ಚು. ಗರಿಯ ಮೇಲೆ ಏನೂ ಬೀಳದಿರುವುದರಿಂದ ಕಣಜಕ್ಕೆ ನೇರ ಪೆಟ್ಟಿಲ್ಲ.

ಶೇ 5ರ ಅಜಾಡಿರಾಕ್ಟಿನ್ 7.5 ಮಿ.ಲೀ., ನೀರು 7.5 ಮಿ.ಲೀ.; ಎರಡನ್ನೂ ಬೆರೆಸಿ ಚಿಕ್ಕ ಪಾಲಿಥಿನ್ ಚೀಲಕ್ಕೆ ಹಾಕಬೇಕು. ಮರದ ಬುಡದಿಂದ ಎರಡು ಎರಡೂವರೆ ಅಡಿ ದೂರದಲ್ಲಿ ಮಣ್ಣು ಬಿಡಿಸಿ, ಪೆನ್ಸಿಲ್ ದಪ್ಪದ, ಕೆಂಪು-ಕಂದು ಬಣ್ಣದ ಜೀವಂತ ಬೇರು ಹುಡುಕಬೇಕು. ಹರಿತ ಚಾಕುವಿನಿಂದ ಓರೆಯಾಗಿ ಕತ್ತರಿಸಿ, ಮರದ ಕಡೆಯ ತುದಿಯನ್ನು ಚೀಲದೊಳಗೆ ಮುಳುಗುವಂತೆ ಇಟ್ಟು, ದಾರದಿಂದ ಬಿಗಿದು, ಮಣ್ಣು ಮುಚ್ಚಬೇಕು. ಬಿಸಿಲೇರುವ ಮೊದಲು ಮಾಡಿದರೆ ಒಳ್ಳೆಯದು. ಗರಿ ನೀರು ಹೊರಹಾಕುವಷ್ಟು ಹೊತ್ತೂ ಬೇರು ಎಳೆಯುತ್ತಿರುತ್ತದೆ. ಮಾರನೇ ದಿನ ಚೀಲ ಬಿಚ್ಚಿ ನೋಡಲೇಬೇಕು. ದ್ರಾವಣ ಹಾಗೇ ಇದ್ದರೆ ಬೇರೆ ಬೇರು ಹಿಡಿಯಬೇಕು.

ಕೆಡುವುದು ಮೂರು ಕಡೆ. ಕಪ್ಪಾಗಿ ಸತ್ತ ಬೇರು ಆರಿಸಿದರೆ ಒಂದು ಹನಿಯೂ ಏರುವುದಿಲ್ಲ. ಮೊಂಡು ಕುಡುಗೋಲಿನಿಂದ ಜಜ್ಜಿದರೆ ಬೇರಿನ ನಾಳ ಮುಚ್ಚಿಕೊಳ್ಳುತ್ತದೆ. ಕಟ್ಟಿದ ಮೇಲೆ ಯಾರೂ ನೋಡದೆ ಹೋದರೆ ಎಷ್ಟು ಮರಕ್ಕೆ ಔಷಧಿ ಏರಿತೆಂಬುದೇ ಗೊತ್ತಾಗುವುದಿಲ್ಲ. ಕೊಡುವ ಮೊದಲು ಬಲಿತ ಕಾಯಿ, ಎಳನೀರು ಎರಡನ್ನೂ ಇಳಿಸಬೇಕು. ಕೊಟ್ಟ ಮೇಲೆ 45 ದಿನ ಆ ಮರಗಳಿಂದ ಕೀಳಬಾರದು. ಮೊದಲೆಲ್ಲ ಇದೇ ರೀತಿ ಮೊನೊಕ್ರೊಟೊಫಾಸ್ ಎಂಬ ಕಡು ವಿಷದ ಕೀಟನಾಶಕ ಕೊಡುವ ರೂಢಿಯಿತ್ತು. ಎಳನೀರು ಕುಡಿಯುವ ಮಕ್ಕಳಿರುವ ಮನೆಯ ಮರಕ್ಕೆ ಅದನ್ನು ಏರಿಸುವುದು ಯಾವ ಲೆಕ್ಕದಲ್ಲೂ ಒಪ್ಪುವ ಮಾತಲ್ಲ.

ಎರಡನೇ ಬಿಡುಗಡೆ

ಮಾರ್ಚ್ 18ರ ಎಣಿಕೆಯಲ್ಲಿ ಉದ್ದದ ಹುಳುಗಳ ಸಂಖ್ಯೆ ಮುಂದಾಯಿತು. ಮಾರ್ಚ್ 20ಕ್ಕೆ ಒಂದು, ಏಪ್ರಿಲ್ 4ಕ್ಕೆ ಇನ್ನೊಂದು ಬಿಡುಗಡೆ. ಮೊದಲನೆಯದು ಮರಕ್ಕೆ 20 ಗೋನಿಯೋಜಸ್. ಎರಡನೆಯದಕ್ಕೆ ಅಷ್ಟು ಗೋನಿಯೋಜಸ್ ಸಿಗಲಿಲ್ಲ. ಅರ್ಧ ತೋಟಕ್ಕೆ ಬ್ರಾಕಾನ್ ಬಳಸಲಾಯಿತು. ಅದರ ಪ್ರಮಾಣ ಮರಕ್ಕೆ 30.

ಕಣಜ ತರುವಾಗ ಗಮನಿಸಬೇಕಾದದ್ದು ಬಹಳವಿದೆ. ಬೇಕಾದದ್ದು ಗಂಡಿನ ಜೊತೆ ಕೂಡಿದ ಹೆಣ್ಣು ಕಣಜ. ಹೊರಬಂದು ಮೂರು ನಾಲ್ಕು ದಿನವಾಗಿ, ಜೇನು ಕುಡಿದಿರಬೇಕು. ಆಗಷ್ಟೇ ಹೊರಬಂದವನ್ನು ಬಿಟ್ಟರೆ ಅವು ಮೊಟ್ಟೆಗೆ ಸಿದ್ಧವಾಗುವಷ್ಟರಲ್ಲಿ ಚದುರಿರುತ್ತವೆ. ಬಿಡುವ ಹಿಂದಿನ ದಿನ ನಿಮ್ಮದೇ ತೋಟದ ಸುರಂಗದ ಹಿಕ್ಕೆಯನ್ನು ಒಂದು ಚಿಟಿಕೆ, ಕಣಜಗಳಿರುವ ನಳಿಕೆಯೊಳಗೆ ಹಾಕಿಡಿ. ಆ ವಾಸನೆಗೆ ಒಗ್ಗಿದ ಕಣಜ ಮರದ ಮೇಲೆ ಹುಳುವನ್ನು ಬೇಗ ಹುಡುಕುತ್ತದೆ. ನಳಿಕೆಗಳನ್ನು ಬೈಕಿನ ಡಿಕ್ಕಿಯಲ್ಲಾಗಲಿ ಕಾರಿನ ಗಾಜಿನ ಹಿಂದಾಗಲಿ ಇಡಬೇಡಿ. ಒದ್ದೆ ಬಟ್ಟೆ ಸುತ್ತಿದ ಡಬ್ಬಿ ಸಾಕು. ಐಸ್ ನೇರವಾಗಿ ತಾಗಬಾರದು.

ಬಿಡುವುದು ಸಂಜೆ ನಾಲ್ಕರ ಮೇಲೆ, ಮರದ ತಲೆಯ ಹತ್ತಿರ. ಬುಡದಲ್ಲಿ ಬಿಟ್ಟರೆ ಇರುವೆಗಳ ಪಾಲು, ಮೇಲಕ್ಕೆ ತಲುಪುವುದು ಕಡಿಮೆ. ಈ ತೋಟದಲ್ಲಿ ಮರಕ್ಕೊಂದು ಚಿಕ್ಕ ನಳಿಕೆಯಂತೆ ಕಣಜ ಹಂಚಿ, ಹತ್ತಿಯ ಬಿರಡೆ ತೆಗೆದು, ದೋಟಿಯ ಕೊಕ್ಕೆಯಿಂದ ಜೋತ ಗರಿಯ ಮೇಲೆ ಸಿಕ್ಕಿಸಿದರು. ಬಾಯಿ ಕೆಳಮುಖವಾಗಿರಬೇಕು, ಇಲ್ಲದಿದ್ದರೆ ಇಬ್ಬನಿ ನೀರು ನಿಲ್ಲುತ್ತದೆ. 190 ಮರಕ್ಕೆ ಮೂರು ಜನರಿಗೆ ಎರಡು ಸಂಜೆ ಹಿಡಿಯಿತು.

ಉಳುಮೆ ನಿಲ್ಲಿಸಿದ್ದೂ ಈ ಹೊತ್ತಿಗೇ. ಹನಿ ನೀರು ಬೀಳುವ ಪಾತಿಯ ಅಂಚಿನಲ್ಲಿ ಅಲಸಂದೆ ಹಾಕಿದರು. ಅಲಸಂದೆ ಹೂವಿನಲ್ಲಿ ಮಾತ್ರವಲ್ಲ, ಹೂಗೊಂಚಲಿನ ತೊಟ್ಟಿನಲ್ಲೂ ಸಿಹಿ ರಸ ಸುರಿಸುತ್ತದೆ. ಕಣಜಗಳಿಗೆ ಅದೇ ಊಟ. ಬದುವಿನ ತುಂಬೆ ಗಿಡಗಳನ್ನೂ ಕೀಳದೆ ಬಿಟ್ಟರು.

ಏಪ್ರಿಲ್ 12ರ ಎಣಿಕೆಯಲ್ಲಿ ಕಂದು ಗೂಡಿನ ಗುಂಪುಗಳು ಮೊದಲ ಸಲ ಕಂಡವು. ನಡುವಿನ ಸಾಲುಗಳಲ್ಲಿ ಚೆನ್ನಾಗಿ, ಪೂರ್ವದ ಗಡಿಯಲ್ಲಿ ವಿರಳವಾಗಿ. ತಪ್ಪಿಸಿಕೊಂಡ ಹುಳುಗಳು ಕೋಶವಾಗಿ ಏಪ್ರಿಲ್ ಕೊನೆಗೆ ಪತಂಗವಾದವು. ಮತ್ತೆ ಅಲೆ ಎದ್ದಿತು, ಆದರೆ ಚಿಕ್ಕದು. ಭರಣಿ ಮಳೆ ಎರಡು ದಿನ ಚೆನ್ನಾಗಿ ಹೊಡೆದದ್ದು ಮೊಟ್ಟೆಯ ಕಾಲಕ್ಕೇ. ಗಾಳಿಯಲ್ಲಿ ತೇವ ಏರಿದ ಮೇಲೆ ಈ ಹುಳುವಿನ ಹಾವಳಿ ಸಾಮಾನ್ಯವಾಗಿ ಇಳಿಮುಖ. ಹಾಗೆಂದು ಕೈಬಿಡದೆ, ಮೇ 25ಕ್ಕೆ ಮತ್ತು ಜೂನ್ 9ಕ್ಕೆ ಪೂರ್ವದ ಎಂಟು ಸಾಲುಗಳಿಗೆ ಮಾತ್ರ ಮತ್ತೆರಡು ಬಿಡುಗಡೆ ಮಾಡಲಾಯಿತು.

ಗರಿ ಕಡಿಯಬೇಕೇ?

ಹುಳು ಬಿದ್ದ ಗರಿ ಕಡಿದು ಸುಡಿ ಎಂಬುದು ಹಳೆಯ ಸಲಹೆ. ಆರಂಭದಲ್ಲಿ, ಒಂದೆರಡು ಗರಿಗೆ ಮಾತ್ರ ಹತ್ತಿದಾಗ, ಅದು ನಿಜವಾಗಿ ಕೆಲಸ ಮಾಡುತ್ತದೆ. ಹತ್ತು ಹನ್ನೆರಡು ಗರಿಗೆ ಹಬ್ಬಿದ ಮೇಲೆ ಹಾಗೆ ಕಡಿಯುವುದು ಮರಕ್ಕೇ ಪೆಟ್ಟು. ಅರ್ಧ ಹಸಿರಿರುವ ಗರಿ ಇನ್ನೂ ಊಟ ತಯಾರಿಸುತ್ತಿರುತ್ತದೆ, ಗೊನೆಗೂ ಆಧಾರ ಕೊಡುತ್ತಿರುತ್ತದೆ. ಇಲ್ಲಿ ಪೂರ್ತಿ ಒಣಗಿದ ಎರಡು ಮೂರು ಸುತ್ತಿನ ಗರಿಗಳನ್ನಷ್ಟೇ ತೆಗೆದರು. ಅವನ್ನೂ ನೇರವಾಗಿ ಬೆಂಕಿಗೆ ಹಾಕಲಿಲ್ಲ. ಗೂಡುಗಳಿದ್ದ ಎಲೆಗಳನ್ನು ಬಿಡಿಸಿ, ಸೊಳ್ಳೆ ಪರದೆಗಿಂತ ಸ್ವಲ್ಪ ದೊಡ್ಡ ಕಣ್ಣಿನ ಜಾಲರಿ ಹೊದೆಸಿದ ಬುಟ್ಟಿಯಲ್ಲಿ ಮೂರು ವಾರ ಮರದ ನೆರಳಿನಲ್ಲಿಟ್ಟರು. ಸಣ್ಣ ಕಣಜ ಜಾಲರಿ ದಾಟುತ್ತದೆ, ಪತಂಗ ಒಳಗೇ ಉಳಿಯುತ್ತದೆ. ಬ್ರಾಕಿಮೇರಿಯಾ ದಪ್ಪನೆಯದು, ಅದು ದಾಟಲಾರದು. ದಿನಕ್ಕೊಮ್ಮೆ ಬುಟ್ಟಿ ನೋಡಿ ಅದನ್ನು ಕೈಯಿಂದಲೇ ಬಿಡಬೇಕು.

ಮರಕ್ಕೆ ಊಟ

ಇದನ್ನು ಚುಟುಕಾಗಿ ಹೇಳಬಹುದು. ಮರಕ್ಕೆ ವರ್ಷಕ್ಕೆ 50 ಕೆ.ಜಿ. ಕೊಟ್ಟಿಗೆ ಗೊಬ್ಬರ, 5 ಕೆ.ಜಿ. ಬೇವಿನ ಹಿಂಡಿ. ಸಾರಜನಕ 500 ಗ್ರಾಂ, ರಂಜಕ 320 ಗ್ರಾಂ, ಪೊಟ್ಯಾಷ್ 1,200 ಗ್ರಾಂ. ಗೊಬ್ಬರದ ಲೆಕ್ಕದಲ್ಲಿ ಯೂರಿಯಾ 1.1 ಕೆ.ಜಿ., ಸೂಪರ್ ಫಾಸ್ಫೇಟ್ 2 ಕೆ.ಜಿ., ಮ್ಯೂರಿಯೇಟ್ ಆಫ್ ಪೊಟ್ಯಾಷ್ 2 ಕೆ.ಜಿ. ಮೂರರಲ್ಲಿ ಒಂದು ಪಾಲು ಮುಂಗಾರಿಗೆ, ಎರಡು ಪಾಲು ಸೆಪ್ಟೆಂಬರ್-ಅಕ್ಟೋಬರ್‌ಗೆ, ಬುಡದಿಂದ ಆರಡಿ ಸುತ್ತಿನ ಪಾತಿಯಲ್ಲಿ. ಗರಿ ಕಳೆದುಕೊಂಡ ಮರಕ್ಕೆ ಯೂರಿಯಾ ಹೆಚ್ಚು ಹಾಕಿ ಬೇಗ ಹಸಿರು ಮಾಡುವ ಆಸೆ ಬೇಡ. ಪೊಟ್ಯಾಷ್ ತಪ್ಪಿಸಿ ಬರಿ ಯೂರಿಯಾ ಹಾಕಿದರೆ ಮರಕ್ಕೆ ಬರ ತಡೆಯುವ ಶಕ್ತಿ ಬರುವುದಿಲ್ಲ.

ಆಮೇಲಿನ ತಿಂಗಳುಗಳು

ಆಗಸ್ಟ್‌ನಲ್ಲಿ 100 ಎಲೆಗೆ ಜೀವಂತ ಹುಳು ಬೆರಳೆಣಿಕೆಯಷ್ಟಕ್ಕೆ ಇಳಿದಿತ್ತು. ತೋಟ ಮಾತ್ರ ಇನ್ನೂ ಸುಟ್ಟಂತೆಯೇ ಕಾಣುತ್ತಿತ್ತು. ಈ ಹಂತದಲ್ಲೇ ಹಲವರು ಹುಳು ಹೋಗಿಲ್ಲವೆಂದು ಮತ್ತೆ ಪಂಪು ತರಿಸುತ್ತಾರೆ. ಕೆರೆದುಹೋದ ಎಲೆ ಮತ್ತೆ ಹಸಿರಾಗುವುದಿಲ್ಲ. ತೆಂಗು ತಿಂಗಳಿಗೆ ಒಂದರಂತೆ ಹೊಸ ಗರಿ ಬಿಡುತ್ತದೆ. ಕೆಟ್ಟ ಹನ್ನೆರಡು ಗರಿ ಕೆಳಗಿಳಿದು ಹೊಸವು ತುಂಬಲು ಒಂದು ವರ್ಷ ಬೇಕೇ ಬೇಕು. ಹಾಗಾಗಿ ಹಾವಳಿ ತಗ್ಗಿದೆಯೇ ಎಂದು ನೋಡಬೇಕಾದದ್ದು ತೋಟದ ಬಣ್ಣದಲ್ಲಿ ಅಲ್ಲ, ಮೇಲಿನ ಸುತ್ತಿನ ಹೊಸ ಗರಿಗಳ ಅಡಿಯಲ್ಲಿ.

ಇಳುವರಿ ಇನ್ನೂ ನಿಧಾನ. ಹೊಂಬಾಳೆ ಅರಳಿ ಕಾಯಿ ಬಲಿಯಲು ಹನ್ನೆರಡು ತಿಂಗಳು. ಹೊಂಬಾಳೆ ಮರದೊಳಗೆ ರೂಪುಗೊಳ್ಳುವುದು ಅದಕ್ಕೂ ಎಷ್ಟೋ ಮೊದಲು. ಹಾವಳಿಯ ವರ್ಷ ಹರಳು (ಎಳೆಯ ಕಾಯಿ) ಉದುರಿದವು. ಮುಂದಿನ ವರ್ಷ ಹೊಂಬಾಳೆಗಳಲ್ಲಿ ಹೆಣ್ಣು ಹೂವೇ ಕಡಿಮೆಯಾಯಿತು. ತೀವ್ರ ಹಾವಳಿಯಾದರೆ ಮುಂದಿನ ಇಳುವರಿಯಲ್ಲಿ ಶೇ 45ರವರೆಗೆ ನಷ್ಟವಾಗಬಹುದೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಲೆಕ್ಕ ಕೊಟ್ಟಿದೆ. ಕೊಬ್ಬರಿ ನಂಬಿ ಸಾಲ ಮಾಡಿದ ಮನೆಗೆ ಇದನ್ನು ಮೊದಲೇ ಹೇಳುವುದು ಒಳ್ಳೆಯದು.

ಪೂರ್ವದ ಗಡಿ ಕೊನೆಯವರೆಗೂ ಕಾಡಿತು. ಪಕ್ಕದ ತೋಟದಲ್ಲಿ ಮಾರ್ಚ್‌ನಲ್ಲಿ ಇನ್ನೊಂದು ಸಿಂಪಡಣೆಯಾಗಿತ್ತು. ಅಲ್ಲಿಂದ ಪತಂಗಗಳು ಬೇಲಿ ದಾಟಿ ಬರುತ್ತಿದ್ದವು. ಇಲ್ಲಿಂದ ಅತ್ತ ಹೋದ ಕಣಜಗಳು ಉಳಿಯುತ್ತಿರಲಿಲ್ಲ. ಎರಡು ತೋಟಗಳ ಹುಳುಗಳ ವಯಸ್ಸಿನಲ್ಲಿ ಹತ್ತು ಹನ್ನೆರಡು ದಿನದ ಅಂತರವೂ ಇತ್ತು. ಹಾಗಾಗಿ ಗಡಿಯ ಸಾಲುಗಳಲ್ಲಿ ಚಿಕ್ಕ ಹುಳು, ದೊಡ್ಡ ಹುಳು, ಕೋಶ ಎಲ್ಲ ಕಲಸಿ ಕಾಣುತ್ತಿದ್ದವು. ಹದಿನೈದು ದಿನಕ್ಕೊಮ್ಮೆ ಬಿಡುವ ಹಳೆಯ ಕ್ರಮ ಸರಿಹೊಂದುವುದು ಅಂಥ ಜಾಗಕ್ಕೆ. ಮುಂದಿನ ಜನವರಿಗೆ ಎರಡೂ ತೋಟದವರು ಒಂದೇ ದಿನ 10-10 ಮರ ಎಣಿಸಿ, ಬೇಡಿಕೆ ಪಟ್ಟಿಯನ್ನು ಒಂದೇ ಅರ್ಜಿಯಲ್ಲಿ ಕೊಟ್ಟರು.